ಬಸುರಿಯ ಫೋನಿಗೆ ಬರುವ ಲಸಿಕೆಯ ಪಾಠ

ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ ಬೀಳಬೇಕು. ಜೊತೆಗೆ ಬಿಸಿಜಿ, ಪೋಲಿಯೊ ಹನಿ. ಹೆರಿಗೆ ವಾರ್ಡಿನ ಗದ್ದಲದಲ್ಲಿ ಇದೆಲ್ಲ ಯಾಕೆಂದು ಬಿಡಿಸಿ ಹೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಬಸುರಿಯಾಗಿದ್ದಾಗಲೇ ಫೋನಿನಲ್ಲಿ ಪಾಠ ಹೇಳುವುದು ಒಳ್ಳೆಯ ಯೋಚನೆ. ಕೇಂದ್ರ ಸರ್ಕಾರ 2016ರಲ್ಲಿ ಶುರುಮಾಡಿದ ‘ಕಿಲ್ಕಾರಿ’ಯದು ಇದೇ ದಾರಿ: ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಧ್ವನಿಸಂದೇಶ. ಹೊತ್ತು ಆರಿಸಿಕೊಂಡದ್ದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಮಾತಿನ ರೀತಿಗೆ ಕೊಡಲಾರೆ.

ತಮಿಳುನಾಡಿನ ಹೊಸೂರಿನ ಆಚೆ ತಳಿ, ಡೆಂಕಣಿಕೋಟೆ ಕಡೆಯ ಕನ್ನಡದ ಮನೆಗಳನ್ನೇ ನೋಡಿ. ಮೊದಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ತವರು ಆನೇಕಲ್ಲಿನಲ್ಲೋ ಕನಕಪುರದಲ್ಲೋ ಇದ್ದರೆ ಗಡಿ ದಾಟಿ ಕರ್ನಾಟಕಕ್ಕೆ ಬರಬೇಕು. ಬಸುರಿಯ ನೋಂದಣಿಗೆ ತಮಿಳುನಾಡಿನಲ್ಲಿ ಪಿಕ್ಮಿ ನಂಬರು, ಕರ್ನಾಟಕದಲ್ಲಿ ತಾಯಿ ಕಾರ್ಡು. ತಮಿಳುನಾಡಿನಲ್ಲಿ ಸಾಮಾನ್ಯವಾಗಿ ಬುಧವಾರದ ಸೂಜಿ, ಕರ್ನಾಟಕದಲ್ಲಿ ಗುರುವಾರದ್ದು. ರೆಕಾರ್ಡ್ ಮಾಡಿಟ್ಟ ದನಿಗೆ ಈ ಓಡಾಟ ತಿಳಿಯದು.

ನಿಜವಾದ ಪರೀಕ್ಷೆ ಒಂದೂವರೆ ತಿಂಗಳ ಪೆಂಟಾವೇಲೆಂಟ್ ಸೂಜಿಯ ರಾತ್ರಿ. ಮಗುವಿನ ಮೈ ಬಿಸಿ, ತೊಡೆ ಊದಿಕೊಂಡಿದೆ, ಅಳು ನಿಲ್ಲುತ್ತಿಲ್ಲ. ‘ಮುಂದಿನದು ಬೇಡ ಬಿಡು’ ಎನ್ನುತ್ತಾರೆ ಅತ್ತೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುವ ಜ್ವರವಿದು. ಆದರೆ ಆ ಮಾತು ಅತ್ತೆಯ ಕಿವಿಗೆ ಬಿದ್ದಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಫೋನು ಗಂಡನ ಜೇಬಿನಲ್ಲಿರುತ್ತದೆ, ಆತ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಶಿಫ್ಟಿನಲ್ಲಿ. ಇಂಥ ಭಯ ಹೊಸದಲ್ಲ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ಕರ್ನಾಟಕ, ತಮಿಳುನಾಡು ಎರಡರಲ್ಲೂ ವಾಟ್ಸ್ಆ್ಯಪ್ ವದಂತಿ ಹಬ್ಬಿತು. ತಮಿಳುನಾಡು ಗಡುವನ್ನೇ ಮುಂದೂಡಬೇಕಾಯಿತು. ವದಂತಿ ಬಂದದ್ದು ನೆಂಟರಿಷ್ಟರಿಂದ, ಸರ್ಕಾರದ ಮಾತು ಬಂದದ್ದು ನಿರೂಪಕಿಯ ದನಿಯಲ್ಲಿ. ಜನ ಯಾರನ್ನು ನಂಬಿದರು ಎಂಬುದರಲ್ಲಿ ಆಶ್ಚರ್ಯವೇನಿದೆ?

ಹೊಸೂರಿನ ಇದೇ ಜಿಲ್ಲೆಯ ಸಾಮನಪಳ್ಳಿಯಲ್ಲಿ 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರದ ಮನೆಬಾಗಿಲ ಚಿಕಿತ್ಸೆಯ ಯೋಜನೆ ‘ಮಕ್ಕಳೈ ತೇಡಿ ಮರುತ್ತುವಂ’ ಶುರುವಾಯಿತು. ಬಿಪಿ, ಶುಗರ್ ಮಾತ್ರೆ ಮನೆಬಾಗಿಲಿಗೇ ಬಂತು. ಹೀಗೆ ಮನೆಗೇ ಹೋಗಿ ಮುಖಪರಿಚಯದ ಬೆಲೆ ಅರಿತ ಆರೋಗ್ಯ ಇಲಾಖೆ ಫೋನಿನ ವಿಷಯದಲ್ಲಿ ಮಾತ್ರ ಅದನ್ನು ಮರೆಯಬೇಕಿಲ್ಲ. ಊರಿನ ನರ್ಸಮ್ಮನೇ ಏಳನೇ ತಿಂಗಳಲ್ಲೊಮ್ಮೆ, ಒಂದೂವರೆ ತಿಂಗಳ ಸೂಜಿಯ ಸಂಜೆ ಇನ್ನೊಮ್ಮೆ ಕರೆಮಾಡಲಿ, ಸ್ಪೀಕರ್ ಹಾಕಿಸಿ ಅತ್ತೆಯನ್ನೂ ಕೂರಿಸಲಿ, ಕನ್ನಡದಲ್ಲೇ ಮಾತಾಡಲಿ. 72 ಸಂದೇಶ ಮಾಡದ್ದನ್ನು ಆ ಎರಡು ಕರೆ ಮಾಡಬಲ್ಲವು ಎಂಬುದು ನನ್ನ ಅಂದಾಜು.

ಇನ್ನು ಇಂಥ ಪಾಠ ಫಲಿಸಿತೇ ಎಂದು ನೋಡಲು ‘ಮನೋಭಾವ’ ಅಳೆಯುವ ಪ್ರಶ್ನಾವಳಿಗಳು. ಲಸಿಕೆ ಒಳ್ಳೆಯದೇ ಎಂದು ಸರ್ಕಾರದ ಕಡೆಯವರು ಕೇಳಿದರೆ ಯಾವ ಬಸುರಿ ಅಲ್ಲ ಎಂದಾಳು? ಅದಕ್ಕಿಂತ ಮುಂದಿನ, ಎರಡೂವರೆ ತಿಂಗಳ ಸೂಜಿ ಹೊತ್ತಿಗೆ ಸರಿಯಾಗಿ ಬಿತ್ತೇ ಎಂದು ಕಾರ್ಡು ತೆರೆದು ನೋಡುವುದು ಮೇಲು.