ಹಿಡಿದದ್ದಕ್ಕಿಂತ ಬಿಡಿಸಿದ್ದು ದೊಡ್ಡದು

ಜೋಸೆಫ್ ವಾಂಬಾ ಅವರ ‘ದಿ ಬ್ಲಡಿಂಗ್’ (1989) ಕಾದಂಬರಿಯಂತೆ ಓದಿಸಿಕೊಂಡರೂ ನಿಜವಾಗಿ ನಡೆದ ಕಥೆ. ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಬಾಲೆಯರ ಅತ್ಯಾಚಾರ, ಕೊಲೆಗಳಾದವು. ಹದಿನೇಳರ ಹುಡುಗನೊಬ್ಬ ಎರಡನೆಯ ಕೊಲೆಯನ್ನು ಒಪ್ಪಿಕೊಂಡ. ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಹಿಡಿದಿದ್ದ ಡಿ.ಎನ್.ಎ. ವಿಧಾನದಿಂದ ಶವಗಳ ಮೇಲಿನ ಕುರುಹುಗಳನ್ನು ಅವನ ರಕ್ತದೊಡನೆ ಹೋಲಿಸಿದರು. ಎರಡೂ ಕೃತ್ಯ ಒಬ್ಬನವೇ; ಆದರೆ ಅವನು ಈ ಹುಡುಗನಲ್ಲ!

ಆಮೇಲೆ ಸುಮಾರು 5,000 ಗಂಡಸರನ್ನು ಪರೀಕ್ಷಿಸಿದರೂ ಅಪರಾಧಿ ಸಿಗಲಿಲ್ಲ. ಕಾಲಿನ್ ಪಿಚ್‌ಫೋರ್ಕ್ ತನ್ನ ಹೆಸರಿನಲ್ಲಿ ಸಹೋದ್ಯೋಗಿಯ ರಕ್ತ ಕೊಡಿಸಿದ್ದ. ಹಾಜರಿ ಪುಸ್ತಕದಲ್ಲಿ ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕುವುದನ್ನು ಕಂಡ ನಮ್ಮಂಥ ಗುಮಾಸ್ತರಿಗೆ ಇದೇನೂ ಹೊಸದಲ್ಲ. ಪಬ್ಬಿನ ಹರಟೆಯಲ್ಲಿ ಗುಟ್ಟು ರಟ್ಟಾಗಿ 1987ರಲ್ಲಿ ಸಿಕ್ಕಿಬಿದ್ದ; 1988ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಯಂತ್ರವೆಷ್ಟೇ ಚುರುಕಾದರೂ ಅದರ ಮುಂದಿಡುವ ಸೀಸೆ ಯಾರದೆಂದು ಮನುಷ್ಯನೇ ನೋಡಬೇಕಲ್ಲ!

ಲೇಖಕರು ಹಿಂದೆ ಲಾಸ್ ಏಂಜಲೀಸಿನ ಪೊಲೀಸರಾಗಿದ್ದವರು. ಬೇಟೆಯ ಬಿರುಸು ಅವರಿಗೆ ಚೆನ್ನಾಗಿ ಒಲಿದಿದೆ. ಪುಸ್ತಕದ ಹೆಸರೂ ಆ ಸಾಮೂಹಿಕ ರಕ್ತಸಂಗ್ರಹದಿಂದಲೇ ಬಂದದ್ದು. ನನ್ನ ತಕರಾರು ಇಲ್ಲಿದೆ. ಈ ವಿದ್ಯೆಯ ಮೊದಲ ಫಲ ಅಪರಾಧಿಯ ಬಂಧನವಲ್ಲ, ನಿರಪರಾಧಿಯ ಬಿಡುಗಡೆ. ತಪ್ಪೊಪ್ಪಿಗೆಯೊಂದನ್ನೇ ನೆಚ್ಚಿದ್ದರೆ ಆ ಹುಡುಗನ ಗತಿಯೇನಾಗುತ್ತಿತ್ತು? ಕಾಲೇಜು ಸೇರಿದ ಮಕ್ಕಳೊಡನೆ ಓದಿರಿ. ಆ ಹುಡುಗನ ಪುಟಗಳನ್ನು ಮಾತ್ರ ಎರಡು ಸಲ ಓದಿರಿ.