ಆಹಾರನಿರಾಕರಣೆ: ಒಂದು ವ್ಯಾಖ್ಯಾನದ ಪರಿಶೀಲನೆ

ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು 1943ರಲ್ಲಿ ಪ್ರಕಟಿಸಿದ ಪ್ರಬಂಧವು ಆಟಿಸಂ ಅಥವಾ ಸ್ವಲೀನತೆಯ ಅಧ್ಯಯನಕ್ಕೆ ಮೂಲಗ್ರಂಥದಂತಿದೆ. ಅವರು ವರ್ಣಿಸಿದ 11 ಮಕ್ಕಳ ಪೈಕಿ 6 ಮಂದಿಗೆ ಶೈಶವದಿಂದಲೇ ಊಟವೆಂಬುದು ಕಷ್ಟವಾಗಿದ್ದಿತು. ಹೊರಜಗತ್ತು ಮಗುವಿನೊಳಕ್ಕೆ ಮೊತ್ತಮೊದಲು ಪ್ರವೇಶಿಸುವುದು ಆಹಾರರೂಪದಿಂದ. ಆದುದರಿಂದ ಆಹಾರವನ್ನು ತಳ್ಳುವ ಮಗು ಹೊರಜಗತ್ತನ್ನೇ ದೂರವಿಡುತ್ತದೆಂದು ಅವರು ಅರ್ಥೈಸಿದರು. ಅವಲೋಕನವು ಸರಿಯಾದುದೇ. ಅರ್ಥೈಸಿದ ಬಗೆಯನ್ನು ನಾವು ಒಪ್ಪಲಾರೆವು. ದಿನವೂ ನೀರುದೋಸೆಯನ್ನೇ, ಅದೂ ಚಟ್ನಿ ಸೋಂಕದಂತೆ, ಬೇಡುವ ಮಗು ಜಗತ್ತನ್ನು ನಿರಾಕರಿಸುತ್ತಿಲ್ಲ. ಅದರಲ್ಲಿ ತನಗೆ ಸಹ್ಯವಾದ ಒಂದು ಭಾಗವನ್ನು ಆರಿಸಿಕೊಂಡಿದೆ.

ಪುತ್ತೂರು ತಾಲೂಕಿನ ಕೆದಂಬಾಡಿಯಂತಹ ಊರಿನಲ್ಲಿ ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಈ ಸೀಮೆಯವರು ಹಲಸಿನಲ್ಲಿ ಎರಡು ಬಗೆಗಳನ್ನು ಗುರುತಿಸುತ್ತಾರೆ: ಗಟ್ಟಿತೊಳೆಯದು ಬಕ್ಕೆ, ಮೆತ್ತಗೆ ಜಾರುವುದು ತುಳುವೆ. ಎರಡೂ ಸಿಹಿಯೇ, ಮುಖ್ಯ ಭೇದವಿರುವುದು ನಾಲಗೆಗೆ ತಾಗುವ ಸ್ಪರ್ಶದಲ್ಲಿ. ನಮ್ಮ ಷಡ್ರಸಗಳ ಪಟ್ಟಿಯಲ್ಲಿ ಈ ಭೇದಕ್ಕೆ ಎಡೆಯಿಲ್ಲ. ತುಳುವೆ ತನಗೆ ಗಂಟಲಲ್ಲಿ ಇಳಿಯದೆನ್ನುವ ಹಿರಿಯರನ್ನು ಯಾರೂ ಹಟಮಾರಿ ಎನ್ನುವುದಿಲ್ಲ. ಬೆಂಡೆಯ ಲೋಳೆಗೆ ಬೆದರಿ ಮಗುವೊಂದು ಮಾತಿಲ್ಲದೆ ತಟ್ಟೆಯನ್ನು ದೂಡಿದರೆ ಮಾತ್ರ ಅದು ಹಟವೆನಿಸುತ್ತದೆ. (ಪಂಕ್ತಿಯಲ್ಲಿ ಎಲೆಯ ಮೇಲೆ ಬಿಟ್ಟುದಕ್ಕಾಗಿ ತಿಂದ ಗದರಿಕೆ ನಮ್ಮ ಕಿವಿಯಲ್ಲಿಯೂ ಇನ್ನೂ ಇದೆ.)

ಮಂಗರಸನ ಸೂಪಶಾಸ್ತ್ರವು ಪಾಕದ ಪಕ್ಷದಿಂದ ರಚಿತವಾದುದು. ಚರಕಸಂಹಿತೆಯ ವಿಮಾನಸ್ಥಾನವಾದರೋ ಆಹಾರವಿಚಾರದ ಎಂಟು ಅಂಗಗಳಲ್ಲಿ ಉಪಯೋಕ್ತೃವನ್ನು, ಎಂದರೆ ಉಣ್ಣುವವನನ್ನೇ, ಒಂದಾಗಿ ಎಣಿಸಿ, ಅಭ್ಯಾಸದಿಂದ ಹಿತವಾದ ಓಕಸಾತ್ಮ್ಯವು ಅವನನ್ನು ಅವಲಂಬಿಸಿದೆಯೆಂದು ಹೇಳಿತು. ಇದರಲ್ಲಿ ನರವೈವಿಧ್ಯದ ಆಧುನಿಕ ಕಲ್ಪನೆಯನ್ನು ಕಾಣಹೊರಡುವುದು ಇತಿಹಾಸಕಾರನಿಗೆ ಸಲ್ಲದು. ಆದರೂ ಪ್ರಶ್ನೆಯನ್ನು ಉಣ್ಣುವವನ ಕಡೆಯಿಂದ ಎತ್ತಿದುದು ಗಮನಾರ್ಹ.

ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಇಂದ್ರಿಯಸಂವೇದನೆಯ ಏರುಪೇರನ್ನು ಸ್ವಲೀನತೆಯ ಲಕ್ಷಣಗಳಲ್ಲಿ ಸೇರಿಸಿತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವೂ ಸ್ವಲೀನತೆಯನ್ನು ಮಾನ್ಯಮಾಡಿದೆ. ಹಾಗೆಂದು ಮಗು ಬೇಡಿದುದನ್ನಷ್ಟೇ ಬಡಿಸಿ ಸುಮ್ಮನಿರುವುದೂ ಸಾಧುವಲ್ಲ: ಹಣ್ಣುತರಕಾರಿಗಳನ್ನು ಪೂರ್ತಿ ತೊರೆದ ಇಂತಹ ಮಕ್ಕಳಲ್ಲಿ ಸ್ಕರ್ವಿ ಕಾಣಿಸಿಕೊಂಡ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಆದರೆ ಬಲವಂತವನ್ನು ಸಮರ್ಥಿಸಲು ಇದು ಸಾಕಾಗದು. ಬಹುಪಾಲು ಮಕ್ಕಳು ಹೋರಾಡಿ ಸೋತು, ಕಡೆಗೆ ಒಮ್ಮೆಲೇ ಸರಿಯಾಗಿ ಉಣ್ಣತೊಡಗಿದರೆಂದು ಕ್ಯಾನರ್ ಅವರೇ ಬರೆದಿದ್ದಾರೆ. ಆ ಸೋಲಿನಲ್ಲಿ ಮಗು ಏನನ್ನು ನುಂಗಿಕೊಂಡಿತೆಂಬುದನ್ನು ಅವರು ವಿಚಾರಿಸಲಿಲ್ಲ.