ಎರಡು ಚೀಟಿಗಳ ನಡುವೆ ಓಡುವವರು

ಜನವರಿ ಮುಗಿಯುತ್ತಾ ಬಂದಂತೆ ಬೆಂಗಳೂರಿನ ಗೋವಿಂದರಾಜನಗರದ ಮೊಬೈಲುಗಳಲ್ಲಿ ಒಂದು ಕೋಷ್ಟಕ ಓಡಾಡತೊಡಗುತ್ತದೆ. ಹನ್ನೆರಡು ವಾರ. ವಾರಕ್ಕೆ ಮೂರೋ ನಾಲ್ಕೋ ದಿನ ಓಟ, ಒಂದು ದಿನ ಕಸರತ್ತು, ಭಾನುವಾರ ಲಾಂಗ್ ರನ್. ಮೊದಲ ವಾರ ಎರಡು ಕಿಲೋಮೀಟರಿನಿಂದ ಶುರುವಾಗಿ ಕೊನೆಗೆ ಹತ್ತಕ್ಕೆ ಬಂದು ನಿಲ್ಲುತ್ತದೆ. ಗುರಿ, ಏಪ್ರಿಲ್ ಕೊನೆಯ ಭಾನುವಾರದ ಟಿಸಿಎಸ್ ವರ್ಲ್ಡ್ 10ಕೆ. 2008ರಲ್ಲಿ ಶುರುವಾದ ಈ ಓಟ ಮೊದಮೊದಲು ಮೇ ತಿಂಗಳಲ್ಲಿ ನಡೆಯುತ್ತಿತ್ತು. ಈಚಿನ ವರ್ಷಗಳಲ್ಲಿ ಏಪ್ರಿಲ್‌ಗೆ ಸರಿದಿದೆ. ಅದಕ್ಕಾಗಿ ಮಾರುತಿ ಮಂದಿರದ ಸುತ್ತಿನ ರಸ್ತೆಗಳಲ್ಲಿ, ಎಂ.ಸಿ. ಲೇಔಟಿನಲ್ಲಿ, ರಜೆಯ ದಿನ ಜ್ಞಾನಭಾರತಿಯ ಮರಗಳ ನಡುವೆ ನಸುಕಿನಲ್ಲೇ ಬೂಟುಗಳ ಸದ್ದು ಕೇಳುತ್ತದೆ.

ಈ ಕೋಷ್ಟಕವನ್ನು ಒಂದು ಕೃತಿಯನ್ನು ಓದುವಷ್ಟೇ ಗಮನವಿಟ್ಟು ಓದಬೇಕು ಎಂದು ನನಗೆ ಅನ್ನಿಸುತ್ತದೆ. ಯಾವ ಪುಸ್ತಕವನ್ನೂ ಜನ ಇಷ್ಟು ಅಕ್ಷರಶಃ ಪಾಲಿಸುವುದಿಲ್ಲ. ಪಾಲಿಸುವವರಲ್ಲಿ ಶುಗರ್ ಇರುವವರಿದ್ದಾರೆ, ಬಿಪಿ ಮಾತ್ರೆ ನುಂಗುವವರಿದ್ದಾರೆ, ಜೇಬಿನಲ್ಲಿ ಇನ್‌ಹೇಲರ್ ಇಟ್ಟುಕೊಂಡವರಿದ್ದಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ನಲವತ್ತು ದಾಟಿದವರ ಯಾವುದೇ ಓಟದ ಗುಂಪಿನಲ್ಲಿ ಅವರಲ್ಲೊಬ್ಬರು ಇಲ್ಲದಿರುವುದೇ ಅಪರೂಪ.

ಮೊದಲು ಮೆಚ್ಚಬೇಕಾದ್ದನ್ನು ಮೆಚ್ಚೋಣ. ಹಿಂದಿನ ತಲೆಮಾರಿನಲ್ಲಿ ಶುಗರ್ ಬಂತೆಂದರೆ ಅನ್ನ ಕಮ್ಮಿ ಮಾಡು, ಮುದ್ದೆ ತಿನ್ನು, ಸಂಜೆ ನಾಲ್ಕು ಹೆಜ್ಜೆ ನಡೆ ಎನ್ನುವಲ್ಲಿಗೆ ಸಲಹೆ ಮುಗಿಯುತ್ತಿತ್ತು. ಕಾಯಿಲೆ ಇದೆ ಎಂದರೆ ಮೈ ಕಾಪಾಡಿಕೊಂಡು ಮೂಲೆಯಲ್ಲಿರಬೇಕು ಎಂಬ ಭಾವನೆ ಮನೆಮಂದಿಗೂ ಇತ್ತು, ಕಾಯಿಲೆಯವರಿಗೂ ಇತ್ತು. ಈ ಕೋಷ್ಟಕ ಅದನ್ನು ಮುರಿಯಿತು. ಒಂದು ನಿಮಿಷ ಓಡು, ಎರಡು ನಿಮಿಷ ನಡೆ ಎಂದು ಶುರುಮಾಡಿ, ಐವತ್ತರ ಹೆಂಗಸರನ್ನೂ ಹತ್ತು ಕಿಲೋಮೀಟರ್ ದಾಟಿಸಿತು. ನಿಯಮಿತ ವ್ಯಾಯಾಮದಿಂದ ಸ್ನಾಯುಗಳು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತವೆ, ರಕ್ತದೊತ್ತಡ ಇಳಿಯುತ್ತದೆ, ನಿದ್ದೆ ಸುಧಾರಿಸುತ್ತದೆ. ಇದರಲ್ಲಿ ವಿವಾದವೇ ಇಲ್ಲ.

ಇಂಥ ಕೋಷ್ಟಕಗಳಲ್ಲಿ ಹೆಚ್ಚು ಹೆಸರಾದದ್ದು ‘ಕೌಚ್ ಟು 5ಕೆ’. ಅದನ್ನು ಅಮೆರಿಕದ ಜೋಶ್ ಕ್ಲಾರ್ಕ್ 1996ರಲ್ಲಿ ಬರೆದದ್ದು ತನ್ನ ತಾಯಿಗಾಗಿ. ಐವತ್ತು ದಾಟಿದ ಆಕೆಗೆ ಎಷ್ಟು ಓಡಿದರೆ ಬೇಸರವಾಗದು, ಎಷ್ಟಕ್ಕೆ ಮೈಕೈ ನೋಯದು ಎಂದು ಯೋಚಿಸಿ ಒಂಬತ್ತು ವಾರಗಳನ್ನು ಹೊಂದಿಸಿದ. ಒಬ್ಬ ವ್ಯಕ್ತಿಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದೇ ಅದರ ಶಕ್ತಿ. ನಮ್ಮ ಮೊಬೈಲಿಗೆ ಬರುವ ಕೋಷ್ಟಕದಲ್ಲಿ ಉಳಿಯದೇ ಹೋದದ್ದೂ ಅದೇ ವ್ಯಕ್ತಿ. ಅದರಲ್ಲಿ ದೂರಕ್ಕೆ ಒಂದು ಕಾಲಂ ಇದೆ, ವೇಗಕ್ಕೆ ಒಂದು ಇದೆ. ಮಾತ್ರೆಗೆ, ಊಟಕ್ಕೆ, ಶುಗರ್ ಎಷ್ಟಿತ್ತು ಎನ್ನುವುದಕ್ಕೆ, ರಾತ್ರಿ ನಿದ್ದೆ ಬಂತೇ ಎನ್ನುವುದಕ್ಕೆ ಜಾಗವಿಲ್ಲ.

ಇನ್ನೊಂದು ಚೀಟಿ ಮನೆಯ ಫ್ರಿಜ್ಜಿನ ಮೇಲಿರುತ್ತದೆ. ಅದು ಡಾಕ್ಟರು ಬರೆದದ್ದು. ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು, ಕೆಳಗೆ ‘ದಿನಾ ವಾಕಿಂಗ್’. ಅದರಲ್ಲಿ ಓಟದ ಮಾತಿಲ್ಲ. ಬೆಳಿಗ್ಗೆ ಐದಕ್ಕೋ ಸಂಜೆ ಏಳಕ್ಕೋ, ಎಂಟು ಕಿಲೋಮೀಟರೋ ಎರಡೋ ಎಂದು ಕೇಳಿ ಬರೆದ ಚೀಟಿಗಳು ವಿರಳ. ಹೀಗೆ ಎರಡು ಚೀಟಿಗಳೂ ತಮ್ಮ ಪಾಡಿಗೆ ಸರಿಯಾಗಿಯೇ ಇದ್ದು, ಒಂದನ್ನೊಂದು ಭೇಟಿಯಾಗುವುದೇ ಇಲ್ಲ. ಅವೆರಡನ್ನೂ ಕೂಡಿಸಿ ಲೆಕ್ಕ ಹಾಕುವ ಕೆಲಸ, ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಯಾರೂ ಕೊಡದ ರೋಗಿಯ ಪಾಲಿಗೆ ಬೀಳುತ್ತದೆ. ಈ ಅಭ್ಯಾಸದ ಬಗ್ಗೆ ನನ್ನ ಮುಖ್ಯ ತಕರಾರು ಇದು. ಉಳಿದ ಎಲ್ಲ ದೋಷಗಳೂ ಇಲ್ಲಿಂದಲೇ ಹುಟ್ಟುತ್ತವೆ.

ಭಾನುವಾರದ ಬೆಳಿಗ್ಗೆಯನ್ನೇ ನೋಡಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಊಟ ಬಂದರೂ ಬಾರದಿದ್ದರೂ ಅದು ತನ್ನ ಕೆಲಸ ನಿಲ್ಲಿಸದು. ಅದನ್ನು ನುಂಗಿ ಖಾಲಿ ಹೊಟ್ಟೆಯಲ್ಲಿ ಓಡಿದವರ ಸ್ನಾಯುಗಳು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಎರಡೂ ಸೇರಿದರೆ ಸಕ್ಕರೆ ಸರ್ರನೆ ಇಳಿಯುತ್ತದೆ. ಓಟ ಮುಗಿದ ಮೇಲೆ ಗುಂಪಿನ ಫೋಟೊ, ಸ್ಟ್ರೆಚಿಂಗ್, ದರ್ಶಿನಿಯ ಮುಂದೆ ಎಲ್ಲರಿಗಾಗಿ ಕಾಯುವುದು. ‘ತಿಂಡಿಗೆ ಮುಂಚೆ’ ಎಂಬ ಅರ್ಧ ಗಂಟೆ ಎರಡು ಗಂಟೆಯಾಗಿರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರದು ಇನ್ನೂ ಸೂಕ್ಷ್ಮ. ತೊಡೆಗೆ ಸೂಜಿ ಹಾಕಿಕೊಂಡು ತಕ್ಷಣ ಓಡಿದರೆ, ಕೆಲಸ ಮಾಡುವ ಸ್ನಾಯುವಿನ ಬಳಿಯ ಬಿಸಿರಕ್ತ ಔಷಧಿಯನ್ನು ಬೇಗ ಹೀರಿಕೊಳ್ಳುತ್ತದೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಅಪಾಯ ತೀರಾ ಕಮ್ಮಿ. ಆದ್ದರಿಂದಲೇ ‘ಶುಗರ್ ಇದ್ದವರು ಹೀಗೆ ಮಾಡಿ’ ಎಂಬ ಒಂದೇ ಸಲಹೆ ಎಲ್ಲರಿಗೂ ಹೊಂದದು. ಯಾವ ಮಾತ್ರೆ ಎಂದು ಕೇಳದೆ ಕೊಟ್ಟ ಸಲಹೆ ಒಬ್ಬರನ್ನು ಸುಮ್ಮನೆ ಹೆದರಿಸುತ್ತದೆ, ಇನ್ನೊಬ್ಬರನ್ನು ಅಪಾಯಕ್ಕೆ ಬಿಡುತ್ತದೆ.

ಶುಗರ್ ಲೋ ಆದಾಗಿನ ಲಕ್ಷಣಗಳು ಯಾವುವು? ಬೆವರು, ಎದೆಬಡಿತ, ಕೈನಡುಕ, ಸುಸ್ತು, ಮಂಕು. ಏಳನೇ ಕಿಲೋಮೀಟರಿನಲ್ಲಿ ಆರೋಗ್ಯವಂತರಿಗೂ ಇವುಗಳಲ್ಲಿ ಬಹುಪಾಲು ಇರುತ್ತವೆ. ಪಕ್ಕದಲ್ಲಿ ಓಡುವವರು ‘ಕಮಾನ್, ಇನ್ನು ಸ್ವಲ್ಪವೇ’ ಎಂದು ಪ್ರೀತಿಯಿಂದ ಹುರಿದುಂಬಿಸುತ್ತಾರೆ. ಆ ಕ್ಷಣಕ್ಕೆ ಬೇಕಾದದ್ದು ಹುರುಪಲ್ಲ, ಮೂರು ಚಮಚ ಗ್ಲೂಕೋಸ್ ಪುಡಿ. ಜೇಬಿನಲ್ಲಿರುವ ಕಡಲೆ ಮಿಠಾಯಿ ಕೂಡ ಆಗ ನಿಧಾನ. ಅದರ ಕೊಬ್ಬು ಸಕ್ಕರೆಯನ್ನು ತಡೆದು ತಡೆದು ರಕ್ತಕ್ಕೆ ಬಿಡುತ್ತದೆ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತಗಳ ಎಚ್ಚರಿಕೆಯೂ ಮಸುಕಾಗುತ್ತದೆ. ಅದೇ ಮಾತ್ರೆಯ ದೆಸೆಯಿಂದ ಅವರ ಹೃದಯದ ವೇಗ ಅಷ್ಟಾಗಿ ಏರುವುದೂ ಇಲ್ಲ. 220ರಿಂದ ವಯಸ್ಸು ಕಳೆದು, ಅದರ ಇಷ್ಟು ಶೇಕಡಾದಲ್ಲಿ ಓಡಿ ಎನ್ನುವ ಕೈಗಡಿಯಾರದ ಸೂತ್ರ ಅವರ ಪಾಲಿಗೆ ತಪ್ಪು ಸೂತ್ರ. ಅದನ್ನು ನಂಬಿ, ಗಡಿಯಾರ ಹೇಳಿದ ಅಂಕಿ ಮುಟ್ಟಲೆಂದು ಮೈಮೀರಿ ಓಡುವವರಿದ್ದಾರೆ.

ಇವೆಲ್ಲ ಯಾರಿಗೂ ಗೊತ್ತಿರದ ಗುಟ್ಟುಗಳೇನಲ್ಲ. ಮೈಕಲ್ ರಿಡೆಲ್ ಮತ್ತು ಸಂಗಡಿಗರು 2017ರಲ್ಲಿ ‘ಲ್ಯಾನ್ಸೆಟ್ ಡಯಾಬಿಟಿಸ್ ಅಂಡ್ ಎಂಡೊಕ್ರಿನಾಲಜಿ’ ಪತ್ರಿಕೆಯಲ್ಲಿ ಟೈಪ್ 1 ಮಧುಮೇಹಿಗಳ ವ್ಯಾಯಾಮಕ್ಕೆ ಒಮ್ಮತದ ಮಾರ್ಗಸೂಚಿ ಪ್ರಕಟಿಸಿದರು. ಓಟಕ್ಕೆ ಮುಂಚೆ ಸಕ್ಕರೆ 126ರಿಂದ 180ರ ನಡುವೆ ಇದ್ದರೆ ಒಳ್ಳೆಯದು. 90ಕ್ಕಿಂತ ಕೆಳಗಿದ್ದರೆ 10ರಿಂದ 20 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 90 ದಾಟುವವರೆಗೆ ಕಾಯಬೇಕು. 270 ದಾಟಿದ್ದರೆ ಕೀಟೋನ್ ನೋಡಿಕೊಳ್ಳಬೇಕು. ಇದಕ್ಕಿಂತ ಮುಖ್ಯವಾದ ಮಾತೊಂದು ಅದರಲ್ಲಿದೆ: ಎಲ್ಲ ಓಟವೂ ಒಂದೇ ಅಲ್ಲ. ಸಮವೇಗದ ದೀರ್ಘ ಓಟ ಸಕ್ಕರೆಯನ್ನು ಇಳಿಸುತ್ತದೆ. ಬುಧವಾರದ ಇಂಟರ್ವಲ್‌ನಂಥ ಬಿರುಸಿನ ಓಟ ಅಡ್ರಿನಲಿನ್ ಹೊರಡಿಸಿ ಅದನ್ನು ಏರಿಸಬಲ್ಲದು. ಏರಿದ ಅಂಕಿ ನೋಡಿ ಗಾಬರಿಯಿಂದ ಇನ್ನೊಂದಿಷ್ಟು ಇನ್ಸುಲಿನ್ ಹಾಕಿಕೊಂಡರೆ ಮಧ್ಯಾಹ್ನವೋ ನಡುರಾತ್ರಿಯೋ ಲೋ ಆಗುತ್ತದೆ. ಖಾಲಿಯಾದ ಸಕ್ಕರೆಯ ದಾಸ್ತಾನನ್ನು ಸ್ನಾಯುಗಳು ಗಂಟೆಗಟ್ಟಲೆ ತುಂಬಿಕೊಳ್ಳುತ್ತಲೇ ಇರುತ್ತವೆ. ಸಂಜೆ ಓಡಿದವರಿಗೆ ನಿದ್ದೆಯಲ್ಲಿ ಸಕ್ಕರೆ ಕುಸಿಯುವುದು ಹೀಗೆ. ಹಾಗಾಗಿ ಅಂದಿನ ಓಟ ಮುಗಿಯುವುದು ಮರುದಿನ ಬೆಳಗಾದ ಮೇಲೆಯೇ. ಕೋಷ್ಟಕವಾದರೋ ಗಡಿಯಾರ ನಿಲ್ಲಿಸಿದ ಗಳಿಗೆಗೆ ಓಟ ಮುಗಿಯಿತೆಂದು ಗುರುತು ಹಾಕಿಬಿಡುತ್ತದೆ.

ಇನ್ನು ಕಾಲ. 2024ರ ಏಪ್ರಿಲ್ 28ರಂದು ಓಟ ನಡೆದ ದಿನವೇ ಬೆಂಗಳೂರಿನ ಗರಿಷ್ಠ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ಓಟ ಬೆಳಗಿನದೇ ಆದರೂ, ಅದರ ತಯಾರಿಯ ಮಾರ್ಚ್–ಏಪ್ರಿಲ್ ಪೂರ್ತಿ ಕಾದ ಕಾವಲಿಯಂತಿತ್ತು. ಬಿಸಿಲಿಗೆ ಮೈ ಇನ್ಸುಲಿನ್ನನ್ನು ಬೇಗ ಹೀರಿಕೊಳ್ಳುತ್ತದೆ; ಡಾಪಾಗ್ಲಿಫ್ಲೋಜಿನ್ ತರಹದ ಮಾತ್ರೆ ಸಕ್ಕರೆಯ ಜೊತೆ ನೀರನ್ನೂ ಮೂತ್ರದಲ್ಲಿ ಕಳಿಸುತ್ತದೆ. ಫೆಬ್ರವರಿಯಲ್ಲಿ ಹೊಂದಿಸಿಕೊಂಡ ಲೆಕ್ಕ ಏಪ್ರಿಲ್‌ನಲ್ಲಿ ಕೈಕೊಡುವುದು ಸಹಜ. ಓಟದ ದಿನವಂತೂ ಪೂರಾ ಬೇರೆಯೇ ದಿನ. ಮೆಟ್ರೊ ಅಂದು ನಸುಕಿಗೇ ಬಿಡುತ್ತಾರೆ, ಅತ್ತಿಗುಪ್ಪೆಯಲ್ಲೋ ವಿಜಯನಗರದಲ್ಲೋ ಹತ್ತಿ ಎಂ.ಜಿ. ರಸ್ತೆಯ ಕಡೆಗೆ ಹೋಗಬೇಕೆಂದರೆ ಮೂರಕ್ಕೇ ಏಳಬೇಕು. ನಿದ್ದೆಗೆಟ್ಟ ಮೈ, ಎದೆಯ ಢವಢವ, ಸಾಲಿನಲ್ಲಿ ನಿಂತು ಕಾಯುವುದು, ಇವೆಲ್ಲ ಸಕ್ಕರೆಯ ಅಂಕಿಯನ್ನು ಅಲುಗಾಡಿಸುತ್ತವೆ. ಆ ದಿನದ ಒಂದು ತಾಲೀಮಾದರೂ ಹನ್ನೆರಡು ವಾರಗಳಲ್ಲಿ ಇರಬೇಕಿತ್ತು. ಮೂರಕ್ಕೆ ಎದ್ದು, ಅಂದು ತಿನ್ನುವುದನ್ನೇ ತಿಂದು, ಅಂದಿನ ಹೊತ್ತಿಗೇ ಓಡಿ ನೋಡುವ ತಾಲೀಮು. ನಾನು ಕಂಡ ಯಾವ ಕೋಷ್ಟಕದಲ್ಲೂ ಅದಿಲ್ಲ.

ಗುಂಪುಗಳಲ್ಲಿ ಹರಿದಾಡುವ ಕಥೆಗಳ ಬಗ್ಗೆ ನನಗೆ ಇನ್ನೂ ಗಟ್ಟಿಯಾದ ಆಕ್ಷೇಪವಿದೆ. ‘ಶುಗರ್ ಗೆದ್ದ ಓಟಗಾರ’ ಎಂಬ ಶೀರ್ಷಿಕೆ, ಕೊರಳಲ್ಲಿ ಮೆಡಲ್. ಗ್ಯಾರಿ ಹಾಲ್ ಜೂನಿಯರ್ ಎಂಬ ಅಮೆರಿಕದ ಈಜುಗಾರನಿಗೆ 1999ರಲ್ಲಿ ಟೈಪ್ 1 ಮಧುಮೇಹ ಪತ್ತೆಯಾಯಿತು. ಮರುವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಹಂಚಿಕೊಂಡ, 2004ರಲ್ಲಿ ಅಥೆನ್ಸ್‌ನಲ್ಲಿ ಮತ್ತೆ ಗೆದ್ದ. ಅವನು ಕಾಯಿಲೆಯನ್ನು ಸೋಲಿಸಲಿಲ್ಲ. ಆನ್ ಪೀಟರ್ಸ್ ಎಂಬ ತಜ್ಞ ವೈದ್ಯೆ ಅವನ ಈಜನ್ನೂ ಇನ್ಸುಲಿನ್ನನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರು. ಮೆಡಲಿನ ಕಥೆ ಹೇಳುವವರು ಈ ಭಾಗವನ್ನು ಬಿಟ್ಟುಬಿಟ್ಟರೆ ಕೇಳುವವರಿಗೆ ಉಳಿಯುವುದು ಛಲ ಮಾತ್ರ. ಛಲವೊಂದನ್ನೇ ನಂಬಿದವರು ಮಾತ್ರೆ ಬಿಟ್ಟು ಓಡಲು ಹೊರಡುತ್ತಾರೆ.

ಇದಕ್ಕೆ ತದ್ವಿರುದ್ಧವಾದ ಭಯವನ್ನೂ ನಾವು ಕಂಡಿದ್ದೇವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ಹರೆಯದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡಿಗೆ ನಾಡೇ ನಡುಗಿತು. ಜಯದೇವ ಹೃದ್ರೋಗ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಜಿಮ್ಮಿಗೆ ಹೋಗುತ್ತಿದ್ದ ಮಕ್ಕಳನ್ನು ಅಪ್ಪ-ಅಮ್ಮಂದಿರು ತಡೆದರು. ಪುನೀತ್ ಹೆಸರಿನಲ್ಲಿ ಆಮೇಲೆ ಬಂದ ‘ಹೃದಯ ಜ್ಯೋತಿ’ ಯೋಜನೆ, ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವಂತೆ ಮಾಡಿತು. ಅದು ಆ ಭಯದಿಂದ ಹುಟ್ಟಿದ ಒಳ್ಳೆಯ ಫಲ. ಆದರೆ ಓಟವನ್ನೇ ಬಿಟ್ಟವರು ಮತ್ತೆ ಮೂಲೆ ಸೇರಿದರು. ವರ್ಷಗಟ್ಟಲೆ ಶುಗರ್ ಇದ್ದವರಿಗೆ ಹೃದಯದ ತೊಂದರೆ ಎದೆನೋವಿಲ್ಲದೆಯೂ ಇರಬಹುದು. ಹಾಗಾಗಿ ಓಟ ಶುರುಮಾಡುವ ಮುಂಚೆ ಹೃದಯ, ಕಣ್ಣಿನ ಅಕ್ಷಿಪಟಲ, ಪಾದದ ಸ್ಪರ್ಶ ಈ ಮೂರನ್ನೂ ತೋರಿಸಿಕೊಂಡು ಬನ್ನಿ ಎಂದು ಕೋಷ್ಟಕದ ಮೊದಲ ವಾರವೇ ಹೇಳಬೇಕು. ಪಾದ ಮರಗಟ್ಟಿದವರಿಗೆ ಬೂಟಿನೊಳಗಿನ ಹರಳು ಗೊತ್ತೇ ಆಗದು.

ಉಬ್ಬಸದವರ ಕಥೆ ಬೇರೆ, ಆದರೆ ಈ ಊರಿನಲ್ಲಿ ಅದನ್ನು ಬಿಟ್ಟು ಮಾತಾಡುವಂತಿಲ್ಲ. ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ ಆಸ್ತಮಾದ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಅಂದಿನ ಆ ಮಕ್ಕಳೇ ಈಗ ಓಡುವ ವಯಸ್ಸಿನವರು. ಅವರಿಗೆ ಎಷ್ಟು ದೂರ ಎನ್ನುವುದಕ್ಕಿಂತ ಎಲ್ಲಿ, ಯಾವಾಗ ಎನ್ನುವುದೇ ದೊಡ್ಡದು. ಮಾಗಡಿ ರಸ್ತೆಯ ಏಳೂವರೆಯ ಹೊಗೆಗೂ ಜ್ಞಾನಭಾರತಿಯ ಐದೂವರೆಯ ಗಾಳಿಗೂ ಅಜಗಜಾಂತರ. ಡಾಕ್ಟರು ಹೇಳಿದ್ದರೆ ಓಟಕ್ಕೆ ಹದಿನೈದು ನಿಮಿಷ ಮುಂಚೆ ಇನ್‌ಹೇಲರ್, ಆಮೇಲೆ ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳುವುದು. ಇನ್‌ಹೇಲರ್ ತೆಗೆದರೆ ಮೋಸ ಮಾಡಿದಂತೆ ಎಂದು ಸಂಕೋಚಪಡುವವರಿಗೆ ತಿಳಿದಿರಲಿ: ಸಾಲ್ಬ್ಯುಟಮಾಲನ್ನು ನಿಗದಿತ ಮಿತಿಯೊಳಗೆ ಉಸಿರಾಟದ ಮೂಲಕ ತೆಗೆದುಕೊಳ್ಳಲು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯೇ ಅನುಮತಿ ಕೊಟ್ಟಿದೆ. ಪೌಲಾ ರ‍್ಯಾಡ್‌ಕ್ಲಿಫ್ ಉಬ್ಬಸ ಇಟ್ಟುಕೊಂಡೇ ಮ್ಯಾರಥಾನಿನ ವಿಶ್ವದಾಖಲೆ ಬರೆದವರು.

ದುಡ್ಡಿನ ಮಾತನ್ನೂ ಆಡಬೇಕು. ಒಂದು ಲಾಂಗ್ ರನ್‌ಗೆ ಮುಂಚೆ, ನಡುವೆ, ಮುಗಿದ ಮೇಲೆ, ಮಲಗುವಾಗ ಎಂದು ನೋಡಿಕೊಂಡರೆ ನಾಲ್ಕು ಸ್ಟ್ರಿಪ್ ಖರ್ಚು. ತೋಳಿಗೆ ಅಂಟಿಸುವ ಸೆನ್ಸರ್ ಎರಡು ವಾರಕ್ಕೊಮ್ಮೆ ಬದಲಾಗಬೇಕು. ಅದರ ಅಂಕಿಯೂ ಓಡುವಾಗ ರಕ್ತದ ಅಂಕಿಗಿಂತ ಕೆಲವು ನಿಮಿಷ ಹಿಂದಿರುತ್ತದೆ ಎಂದು ಮಾರುವವರು ಒತ್ತಿ ಹೇಳುವುದಿಲ್ಲ. ಗೋವಿಂದರಾಜನಗರದ ಸಣ್ಣ ಮನೆಗಳಿಂದ ಬರುವ ಹೆಂಗಸರಿಗೆ ಬೂಟಿನ ಬೆಲೆಯೇ ಭಾರ. ಅವರು ಎಲ್ಲರ ಡಬ್ಬಿ ಕಟ್ಟಿಟ್ಟು, ತಮ್ಮ ತಿಂಡಿ ಬಿಟ್ಟು, ಓಡಿ ಬರುತ್ತಾರೆ. ಹಾಗೆ ಬಂದವರನ್ನು ‘ನಿನ್ನೆ ಯಾಕೆ ತಪ್ಪಿಸಿದ್ರಿ’ ಎಂದು ಹಾಜರಿ ಕೇಳುವುದು ನನಗೆ ಸರಿಕಾಣದು. ಬೆಳಿಗ್ಗೆ ಎದ್ದಾಗ 78 ಇದ್ದದ್ದಕ್ಕೋ, ಜ್ವರ ಬಂದದ್ದಕ್ಕೋ ಓಟ ಬಿಟ್ಟವರು ಅಂದು ಸರಿಯಾದ ತರಬೇತಿಯನ್ನೇ ಮಾಡಿದ್ದಾರೆ. ಕೋಷ್ಟಕ ಆ ದಿನಕ್ಕೆ ಕೆಂಪು ಬಣ್ಣ ಬಳಿಯಬಾರದು.

ಗುಂಪು ನಡೆಸುವವರು ಡಾಕ್ಟರಾಗಬೇಕಿಲ್ಲ. ಸೇರಿಸಿಕೊಳ್ಳುವಾಗ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು ಗುಟ್ಟಾಗಿ ಕೇಳಬಹುದು. ಹನ್ನೆರಡು ವಾರದ ಹಾಳೆಯನ್ನು ಮುಂದಿನ ತಪಾಸಣೆಗೆ ಒಯ್ದು ಡಾಕ್ಟರಿಗೆ ತೋರಿಸಿ, ಭಾನುವಾರದ ಡೋಸು ಎಷ್ಟೆಂದು ಅದರ ಮೇಲೆಯೇ ಬರೆಸಿಕೊಂಡು ಬನ್ನಿ ಎನ್ನಬಹುದು. ಪ್ರತಿ ಗುಂಪಿನಲ್ಲೂ ಇಬ್ಬರಿಗಾದರೂ ಲೋ ಆದವರನ್ನು ಗುರುತಿಸಲು ಬರಬೇಕು, ಅವರ ಸೊಂಟದ ಚೀಲದಲ್ಲಿ ಗ್ಲೂಕೋಸ್ ಇರಬೇಕು. ಫೋಟೊ ತಿಂಡಿಯಾದ ಮೇಲೆ ತೆಗೆಯಲಿ.